ಓಡುವ ಕುದುರೆಗೆ ಮೂರು ಸೆಕೆಂಡ್: ಗರ್ಪ್ಸ್‌ನಲ್ಲಿ ದೂರದ ಕಣ್ಣಿನ ಒಂದು ಪ್ರಕರಣ

ಗರ್ಪ್ಸ್ ಅಂದರೆ ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸಿ, ದಾಳ ಹಾಕಿ ಕಥೆ ನಡೆಸುವ ಆಟ. ಇಲ್ಲಿ ಪಾತ್ರದ ಹೆಸರು ಮಾರ್ತಾ. ಕಾಲ 1912, ಜಾಗ ಆರಿಜೋನಾದ ಮರಳುಗಾಡು. ಕೈಯಲ್ಲಿ ಬೋಲ್ಟ್ ಆಕ್ಷನ್ ರೈಫಲ್. ಎದುರಿಗೆ 120 ಗಜ ದೂರದಲ್ಲಿ ಒಬ್ಬ ಸವಾರ ಗಣಿಯ ದಾಖಲೆಗಳನ್ನು ಕದ್ದು ಓಡುತ್ತಿದ್ದಾನೆ. ಕುದುರೆ ನಾಗಾಲೋಟದಲ್ಲಿದೆ, ಸೆಕೆಂಡಿಗೆ 16 ಗಜ. ಗಂಟೆಗೆ ಲೆಕ್ಕ ಹಾಕಿದರೆ 50 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಮಾರ್ತಾಳ ಕಣ್ಣು ಮಾಮೂಲಿ ಕಣ್ಣಲ್ಲ. ಈ ಆಟದಲ್ಲಿ ಸ್ವಲ್ಪ ಮಾಟ ಮಂತ್ರವೂ ಇತ್ತು, ಹಾಗಾಗಿ ಅವಳಿಗೆ ಟೆಲಿಸ್ಕೋಪಿಕ್ ವಿಷನ್, ಅಂದರೆ ದೂರದ್ದನ್ನು ಹಿಗ್ಗಿಸಿ ನೋಡುವ ಕಣ್ಣು, ಮೂರು ಲೆವೆಲ್ ಇದೆ. ಪಾತ್ರ ಕಟ್ಟುವಾಗ ಸಿಗುವ ಪಾಯಿಂಟ್‌ಗಳಲ್ಲಿ ಲೆವೆಲ್ಲಿಗೆ 5ರಂತೆ 15 ಕೊಟ್ಟು ತೆಗೆದುಕೊಂಡದ್ದು.

ಅವಳು ಕುದುರೆಗೆ ಹೊಡೆಯಬೇಕು. ಸವಾರ ಜೀವಂತ ಸಿಗಬೇಕು, ಯಾಕೆಂದರೆ ಅವನನ್ನು ಕಳಿಸಿದವರು ಯಾರು ಅಂತ ಬಾಯಿ ಬಿಡಿಸಬೇಕಿತ್ತು. ಕುದುರೆಯ ಪಾಪ ನಮ್ಮೆಲ್ಲರ ತಲೆಗೆ.

ಈ ಒಂದು ಗುಂಡಿನ ಮೇಲೆ ನಮ್ಮ ಟೇಬಲ್‌ನಲ್ಲಿ ಚೆನ್ನಾಗಿಯೇ ಜಗಳವಾಯಿತು. ಆಟ ನಡೆಸುತ್ತಿದ್ದವನು ನಾನು. ರೂಲ್ ಬುಕ್ ಏನು ಹೇಳುತ್ತದೆ, ಎಲ್ಲಿ ಸುಮ್ಮನಿರುತ್ತದೆ, ನಾವು ಏನು ಸೇರಿಸಿಕೊಂಡೆವು ಅನ್ನುವುದನ್ನು ಬಿಡಿಸಿ ಬರೆಯುತ್ತೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಗರ್ಪ್ಸ್ ಅಮೆರಿಕದ ಟೆಕ್ಸಸ್‌ನಲ್ಲಿರುವ ಸ್ಟೀವ್ ಜಾಕ್ಸನ್ ಗೇಮ್ಸ್ ಕಂಪನಿಯದು. ಮೊದಲು ಬಂದದ್ದು 1986ರಲ್ಲಿ. ನಾವು ಆಡುವ ನಾಲ್ಕನೇ ಆವೃತ್ತಿ 2004ರದ್ದು. ಆರು ಮುಖದ ಮೂರು ದಾಳ ಉರುಳಿಸಬೇಕು. ಬಂದ ಮೊತ್ತ ನಿಮ್ಮ ಸ್ಕಿಲ್‌ಗೆ ಸಮ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗೆದ್ದಿರಿ. ಕಷ್ಟ ಇದ್ದರೆ ಸ್ಕಿಲ್‌ನಿಂದ ಕಳೆಯುತ್ತಾರೆ, ಅನುಕೂಲ ಇದ್ದರೆ ಕೂಡುತ್ತಾರೆ. ಒಂದು ಟರ್ನ್ ಅಂದರೆ ಒಂದೇ ಸೆಕೆಂಡ್. ಈ ಕೊನೆಯ ಸಂಗತಿ ಮರೆಯಬೇಡಿ, ಪ್ರಕರಣ ಪೂರ್ತಿ ಅದರ ಮೇಲೇ ನಿಂತಿದೆ.

ಮೊದಲ ತಕರಾರು ಎದ್ದದ್ದು ಕಣ್ಣಿನ ಬಗ್ಗೆ. ಟೆಲಿಸ್ಕೋಪಿಕ್ ವಿಷನ್ ಇದ್ದರೆ ಲೆವೆಲ್ಲಿಗೆ 1ರಂತೆ ದೂರದ ಮೈನಸ್ ಬಿಟ್ಟುಬಿಡಬಹುದು, ಒಂದೇ ಗುರಿಯ ಮೇಲೆ ಏಮ್ ಮಾಡಿ, ಅಂದರೆ ಟರ್ನ್ ಪೂರ್ತಿ ಬೇರೇನೂ ಮಾಡದೆ ಗುರಿ ಹಿಡಿದು, ನೋಡಿದರೆ ಲೆವೆಲ್ಲಿಗೆ 2ರಂತೆ. ಮಾರ್ತಾಳನ್ನು ಆಡಿಸುತ್ತಿದ್ದವಳು ಇದನ್ನು ಓದಿ, "ಹಾಗಾದ್ರೆ ನಂಗೆ ದೂರದ ಮೈನಸ್‌ನಲ್ಲಿ 6 ಕಡಿಮೆ, ಅಲ್ವಾ?" ಅಂದಳು.

ಅಲ್ಲ. ಆ ರಿಯಾಯಿತಿ ಇರುವುದು ನೋಡುವ ಪರೀಕ್ಷೆಗೆ ಮಾತ್ರ. ಗುಂಡು ಹೊಡೆಯುವಾಗ ಅದೇ ಕಣ್ಣು ಬೇರೆ ಕೆಲಸ ಮಾಡುತ್ತದೆ, ಬಂದೂಕಿನ ಮೇಲಿನ ಸ್ಕೋಪ್‌ನ ಕೆಲಸ. ಅಕ್ಯುರಸಿ ಅಂದರೆ ಏಮ್ ಮಾಡಿದಾಗ ಆಯುಧದಿಂದ ಸ್ಕಿಲ್‌ಗೆ ಸೇರುವ ಅಂಕ. ಅದು ಲೆವೆಲ್ಲಿಗೆ 1ರಂತೆ ಹೆಚ್ಚುತ್ತದೆ, ಆದರೆ ಎಷ್ಟು ಹೆಚ್ಚಬೇಕೋ ಅಷ್ಟು ಸೆಕೆಂಡ್ ಏಮ್ ಮಾಡಿರಬೇಕು. ಒಂದು ಸೆಕೆಂಡ್ ಏಮ್ ಮಾಡಿದರೆ +1. ಪೂರ್ತಿ +3 ಬೇಕಾದರೆ ಮೂರು ಸೆಕೆಂಡ್ ಕಾಯಬೇಕು. ಇವೆರಡನ್ನೂ ಒಂದೇ ಅಂದುಕೊಂಡರೆ 15 ಪಾಯಿಂಟಿನ ಕಣ್ಣು 30 ಪಾಯಿಂಟಿನ ಕೆಲಸ ಮಾಡಿಬಿಡುತ್ತದೆ. ಎರಡು ವಾಕ್ಯ ಬೇರೆ ಬೇರೆ ಇರುವುದು ಸುಮ್ನೆ ಅಲ್ಲ.

ರೈಫಲ್‌ಗೆ ಒಂದು ಸ್ಕೋಪ್ ಬೇರೆ ಹಾಕಿಸುತ್ತೇನೆ ಅನ್ನುವ ಉಪಾಯವೂ ಅವಳಿಗಿತ್ತು. ಅದೂ ನಡೆಯಲ್ಲ. ಕಣ್ಣಿನದ್ದು, ಗಾಜಿನದ್ದು ಎರಡೂ ಕೂಡುವುದಿಲ್ಲ, ಯಾವುದಾದರೂ ಒಂದು.

ನೋಡುವ ಪರೀಕ್ಷೆಯೂ ಇಲ್ಲಿ ಬೇಕಾಗಿತ್ತು. ಓಡುತ್ತಿದ್ದ ಸವಾರರು ಇಬ್ಬರು, ಒಬ್ಬ ಎಡದ ಗುಡ್ಡದ ಕಡೆ ತಿರುಗಿದ, ಇನ್ನೊಬ್ಬ ನೇರ ಮುಂದಕ್ಕೆ ಹೋದ. ದಾಖಲೆಯ ಚೀಲ ಯಾರ ಜೀನಿಗೆ ಕಟ್ಟಿದೆ? ಮಾರ್ತಾಳ ಪರ್ಸೆಪ್ಷನ್, ಅಂದರೆ ಗಮನಿಸುವ ಶಕ್ತಿ, 12. ಕಣ್ಣೆದುರೇ ಇರುವ ವಸ್ತುವಿಗೆ +10. 120 ಗಜ ಅಂದರೆ ದೂರದ ಪಟ್ಟಿಯಲ್ಲಿ (ಅದನ್ನು ಮುಂದೆ ಬಿಡಿಸುತ್ತೇನೆ) 150ರ ಸಾಲು, ಮೈನಸ್ 11. ಒಂದೂವರೆ ಅಡಿಯ ಚೀಲಕ್ಕೆ ಗಾತ್ರದ ಮೈನಸ್ 4. ಉಳಿದದ್ದು 7. ಮಾಮೂಲಿ ಕಣ್ಣಿದ್ದರೆ ಕಷ್ಟವೇ. ಏಮ್ ಮಾಡಿ ನೋಡಿದರೆ ಮಾರ್ತಾಳಿಗೆ 6 ವಾಪಸ್ಸು ಬಂದು 13 ಆಗುತ್ತದೆ. ಈ ಏಮ್ ಮತ್ತು ಗುಂಡಿನ ಏಮ್ ಬೇರೆ ಬೇರೆಯಾ? ಪುಸ್ತಕ ಬಿಡಿಸಿ ಹೇಳುವುದಿಲ್ಲ. ಚೀಲ ಕಟ್ಟಿರುವುದು ಅದೇ ಕುದುರೆಗೆ, ಕಣ್ಣು ನೆಟ್ಟಿರುವುದು ಅಲ್ಲಿಗೇ, ಹಾಗಾಗಿ ಒಂದೇ ಸೆಕೆಂಡ್ ಎರಡಕ್ಕೂ ಸಲ್ಲುತ್ತದೆ ಅಂತ ನಾನು ತೀರ್ಪು ಕೊಟ್ಟೆ. ನೇರ ಹೋದವನನ್ನು ಬಿಟ್ಟು ಗುಡ್ಡದ ಕಡೆಯವನಿಗೆ ಹೊಡೆಯಬೇಕು ಅಂತಾಗಿದ್ದರೆ ಏಮ್ ಮೊದಲಿಂದ ಶುರುವಾಗುತ್ತಿತ್ತು. ಚೀಲ ನೇರ ಹೋದವನ ಬಳಿಯೇ ಇತ್ತು.

ಈಗ ನಿಜವಾದ ಜಗಳಕ್ಕೆ ಬರೋಣ.

ಗರ್ಪ್ಸ್‌ನಲ್ಲಿ ವೇಗಕ್ಕೆ ಬೇರೆ ಮೈನಸ್ ಇಲ್ಲ, ದೂರಕ್ಕೆ ಬೇರೆ ಇಲ್ಲ. ಗಜದಲ್ಲಿ ದೂರ, ಸೆಕೆಂಡಿಗೆ ಎಷ್ಟು ಗಜ ಅನ್ನುವ ವೇಗ, ಎರಡನ್ನೂ ಕೂಡಿ ಒಂದೇ ಪಟ್ಟಿಯಲ್ಲಿ ನೋಡಬೇಕು. ಪಟ್ಟಿ ಹೀಗೆ ಹೋಗುತ್ತದೆ: 2 ಗಜದವರೆಗೆ ಏನೂ ಇಲ್ಲ, 3ಕ್ಕೆ ಮೈನಸ್ 1, 5ಕ್ಕೆ 2, 7ಕ್ಕೆ 3, 10ಕ್ಕೆ 4, 15ಕ್ಕೆ 5, 20ಕ್ಕೆ 6. ಮುಂದೆ ಅದೇ ಓಟ, 30, 50, 70, 100 ಅಂತ. 100 ಗಜಕ್ಕೆ ಮೈನಸ್ 10, 150ಕ್ಕೆ 11, 200ಕ್ಕೆ 12, 300ಕ್ಕೆ 13. ನಡುವಿನ ಸಂಖ್ಯೆ ಬಂದರೆ ಮೇಲಿನ ಸಾಲಿಗೆ ಹೋಗಬೇಕು. ದೂರ ಹತ್ತು ಪಟ್ಟಾದರೆ ಆರು ಮೆಟ್ಟಿಲು.

ಮಾರ್ತಾ ಮೂರು ಸೆಕೆಂಡ್ ಏಮ್ ಮಾಡಿ ನಾಲ್ಕನೆಯದರಲ್ಲಿ ಹೊಡೆಯುತ್ತಾಳೆ ಅನ್ನೋಣ. ಅಷ್ಟರಲ್ಲಿ ಕುದುರೆ ಮೂರು ಸಲ 16 ಗಜ ಓಡಿ 168 ಗಜದಲ್ಲಿರುತ್ತದೆ. ಅದಕ್ಕೆ ವೇಗದ 16 ಕೂಡಿದರೆ 184. ಪಟ್ಟಿಯಲ್ಲಿ 200ರ ಸಾಲು, ಮೈನಸ್ 12. ಸರಿ. ಆದರೆ ಆ ಕುದುರೆ 168 ಗಜದಲ್ಲಿ ನಿಂತು ಹುಲ್ಲು ಮೇಯುತ್ತಿದ್ದರೂ ಅದೇ 200ರ ಸಾಲು, ಅದೇ ಮೈನಸ್ 12!

ನಮ್ಮ ಗುಂಪಿನಲ್ಲಿ ಒಬ್ಬ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವನು. ಅವನು ದಾಳ ಕೆಳಗಿಟ್ಟು, "ಅಲ್ಲಯ್ಯಾ, ನಿಂತಿರೋ ಕುದುರೆಗೂ ಓಡೋ ಕುದುರೆಗೂ ಒಂದೇ ಲೆಕ್ಕ ಅಂದ್ರೆ ಹೇಗಯ್ಯಾ?" ಅಂತ ಕೇಳಿದ. ನ್ಯಾಯವಾದ ಪ್ರಶ್ನೆ.

ಹತ್ತಿರದಲ್ಲಿ ಈ ತಕರಾರು ಬರುವುದೇ ಇಲ್ಲ. ಅದೇ ಕುದುರೆ 5 ಗಜದಲ್ಲಿ ನಿಂತಿದ್ದರೆ ಮೈನಸ್ 2. ಓಡುತ್ತಿದ್ದರೆ 21, ಅಂದರೆ 30ರ ಸಾಲು, ಮೈನಸ್ 7. ವೇಗ ಒಂದೇ ಏಟಿಗೆ ಐದು ಮೆಟ್ಟಿಲು ಇಳಿಸಿತು. ದೂರ ಹೆಚ್ಚಾದಂತೆ ವೇಗ ಆ ಮೊತ್ತದಲ್ಲಿ ಕರಗಿಹೋಗುತ್ತದೆ. ಸಾರಿನ ಹಂಡೆಗೆ ಬಿದ್ದ ಚಿಟಿಕೆ ಉಪ್ಪಿನ ಹಾಗೆ.

ಇದರ ಹಿಂದೆ ಒಂದು ಅರ್ಧ ಸತ್ಯವಿದೆ. ಕಣ್ಣ ಮುಂದೆಯೇ ಹಾದುಹೋಗುವ ಬಸ್ಸಿನ ಬೋರ್ಡ್ ಓದುವುದಕ್ಕೆ ಕತ್ತು ಗರ್ರನೆ ತಿರುಗಿಸಬೇಕು, ಬೆಟ್ಟದ ಮೇಲಿನ ರಸ್ತೆಯಲ್ಲಿ ಅದೇ ಬಸ್ಸು ತೆವಳುವಂತೆ ಕಾಣುತ್ತದೆ. ಬಂದೂಕಿನ ನಳಿಗೆ ತಿರುಗಿಸುವ ಕಷ್ಟದ ಮಟ್ಟಿಗೆ ಪಟ್ಟಿ ಸರಿಯಾಗಿಯೇ ಹೇಳುತ್ತದೆ. ಉಳಿದರ್ಧ, ಗುಂಡು ಹೋಗಿ ಮುಟ್ಟುವ ಸಮಯ. ಆ ಕಾಲದ ಸ್ಪ್ರಿಂಗ್‌ಫೀಲ್ಡ್ ರೈಫಲ್‌ನ ಗುಂಡು ಸೆಕೆಂಡಿಗೆ 800 ಮೀಟರ್‌ಗಿಂತ ಜಾಸ್ತಿ ವೇಗದಲ್ಲಿ ನಳಿಗೆ ಬಿಡುತ್ತದೆ. 168 ಗಜ, ಅಂದರೆ ಸುಮಾರು 154 ಮೀಟರ್ ದಾಟಲು ಹೆಚ್ಚುಕಡಿಮೆ 0.2 ಸೆಕೆಂಡ್. ಅಷ್ಟರಲ್ಲಿ ಅಡ್ಡ ಓಡುವ ಕುದುರೆ 3 ಮೀಟರ್‌ನಷ್ಟು ಮುಂದೆ ಹೋಗಿರುತ್ತದೆ. ಒಂದು ಕುದುರೆಯ ಉದ್ದಕ್ಕಿಂತ ಜಾಸ್ತಿ. ಮೂತಿಗೆ ಗುರಿಯಿಟ್ಟರೂ ಬಾಲದ ಹಿಂದೆ ಮಣ್ಣು ಹಾರುತ್ತದೆ. ಎಷ್ಟು ಮುಂದೆ ಹೊಡೆಯಬೇಕು ಅನ್ನುವ ಅಂದಾಜು ದೂರ ಹೆಚ್ಚಿದಷ್ಟೂ ಕೈಕೊಡುತ್ತದೆ, ಪಟ್ಟಿ ಹೇಳುವುದರ ತದ್ವಿರುದ್ಧ.

ಆದರೆ "ಅಡ್ಡ" ಅನ್ನುವ ಪದ ಗಮನಿಸಿ. ನಮ್ಮ ಸವಾರ ಅಡ್ಡ ಓಡುತ್ತಿರಲಿಲ್ಲ. ಮಾರ್ತಾಳಿಗೆ ಬೆನ್ನು ಹಾಕಿ ನೇರ ದೂರ ಹೋಗುತ್ತಿದ್ದ. ನೇರ ಹೋಗುವ ಗುರಿಗೆ ಮುಂದೆ ಪಕ್ಕ ಅಂತ ಅಂದಾಜು ಹಾಕುವುದೇ ಬೇಡ, ಗುಂಡು ಅದೇ ಗೆರೆಯಲ್ಲಿ ಹೋಗುತ್ತದೆ. ಅಂದರೆ ಈ ಪ್ರಕರಣದಲ್ಲಿ ಪುಸ್ತಕದ ಮೈನಸ್ 12 ಸರಿಯಾಗಿಯೇ ಇದೆ. ಯಾಕೆ ಸರಿ ಅನ್ನುವುದಕ್ಕೆ ಪುಸ್ತಕದ ಕಾರಣ ಬೇರೆ, ನನ್ನ ಕಾರಣ ಬೇರೆ. ಎನ್‌ಸಿಸಿ ಗೆಳೆಯ ಇದನ್ನು ಒಪ್ಪಿಕೊಂಡ, "ಅಡ್ಡ ಓಡಿದಾಗ ನೋಡ್ಕೋತೀನಿ" ಅನ್ನುವ ಷರತ್ತಿನ ಮೇಲೆ.

ಈಗ ಲೆಕ್ಕ. ಮಾರ್ತಾಳ ರೈಫಲ್ ಸ್ಕಿಲ್ 14. ರೈಫಲ್‌ನ ಅಕ್ಯುರಸಿ 5. ಕುದುರೆ ಮನುಷ್ಯನಿಗಿಂತ ಒಂದು ಗಾತ್ರ ದೊಡ್ಡದು, ಹಾಗಾಗಿ +1.

ಏಮ್ ಇಲ್ಲದೆ ತಕ್ಷಣ ಹೊಡೆದರೆ ದೂರ 120, ವೇಗ 16, ಮೊತ್ತ 136, ಮೈನಸ್ 11. 14ರಲ್ಲಿ 11 ಕಳೆದು 1 ಕೂಡಿ 4. ನೂರಕ್ಕೆ ಎರಡೂ ಇಲ್ಲ. ಏಮ್ ಇಲ್ಲದಿದ್ದರೆ ಅಕ್ಯುರಸಿಯೂ ಇಲ್ಲ, ದೂರದ ಕಣ್ಣೂ ಇಲ್ಲ.

ಒಂದು ಸೆಕೆಂಡ್ ಏಮ್ ಮಾಡಿದರೆ ಅಕ್ಯುರಸಿಯ 5, ಕಣ್ಣಿನ 1 ಸೇರುತ್ತವೆ. ಆಗ ಮೈನಸ್ 12. ಬರುವುದು 9, ಗೆಲ್ಲುವ ಸಾಧ್ಯತೆ ಶೇ. 37.5. ಎರಡು ಸೆಕೆಂಡ್‌ಗೆ ಕಣ್ಣಿನದು 2, ಜಾಸ್ತಿ ಸಮಯ ಕೊಟ್ಟದ್ದಕ್ಕೆ ಇನ್ನೊಂದು 1. ಒಟ್ಟು 11, ಶೇ. 62.5. ಮೂರು ಸೆಕೆಂಡ್‌ಗೆ ಕಣ್ಣಿನದು 3, ಸಮಯದ್ದು 2. ಒಟ್ಟು 13, ಶೇ. 83.8. ದೂರದ ಕಣ್ಣೇ ಇಲ್ಲದಿದ್ದರೆ ಮೂರು ಸೆಕೆಂಡ್ ಕಾದರೂ 10, ಸರಿಯಾಗಿ ಅರ್ಧಕ್ಕರ್ಧ. 15 ಪಾಯಿಂಟಿಗೆ ಸಿಕ್ಕಿದ್ದು ಇದು.

ಇಲ್ಲಿ ಮಾರ್ತಾಳ ಆಟಗಾರ್ತಿ ಬಂಡೆಯ ಮೇಲೆ ರೈಫಲ್ ಊರುತ್ತೇನೆ ಅಂದಳು. ಆಧಾರ ಕೊಟ್ಟರೆ ಏಮ್ ಮಾಡುವಾಗ +1. 14 ಆಗಬೇಕಲ್ಲ? ಆಗಲಿಲ್ಲ. ಬಹಳ ಜನ ದಾಟಿಹೋಗುವ ಒಂದು ಸಾಲು ಪುಸ್ತಕದಲ್ಲಿದೆ: ಹೆಚ್ಚುವರಿ ಸಮಯ, ಆಧಾರ, ಗುರಿ ಹಿಡಿಯುವ ಸಾಧನ, ಇವೆಲ್ಲ ಸೇರಿ ಬರುವ ಲಾಭ ಆಯುಧದ ಮೂಲ ಅಕ್ಯುರಸಿಯನ್ನು ದಾಟುವಂತಿಲ್ಲ. ರೈಫಲ್‌ಗೆ ಅದು 5. ಕಣ್ಣಿನ 3, ಸಮಯದ 2 ಸೇರಿ ಆಗಲೇ 5 ತುಂಬಿದೆ. ಬಂಡೆಗೆ ಜಾಗವಿಲ್ಲ. ಹಾಗಂತ ಬಂಡೆ ದಂಡವಲ್ಲ. ಎರಡೇ ಸೆಕೆಂಡ್‌ಗೆ ಹೊಡೆಯಬೇಕಾಗಿ ಬಂದರೆ ಅದು 11ನ್ನು 12 ಮಾಡುತ್ತದೆ, ಶೇ. 74ಕ್ಕೆ ಏರಿಸುತ್ತದೆ. ಅವಸರ ಇರುವವನಿಗೆ ಬಂಡೆ ಬೇಕು, ಪೂರ್ತಿ ಮೂರು ಸೆಕೆಂಡ್ ಇರುವವನಿಗೆ ಬೇಡ.

ಈ ಮಿತಿ ನನಗೆ ತುಂಬಾ ಇಷ್ಟ. ಇದೇ ನಿಯಮದಿಂದ ಇನ್ನೊಂದು ಸಂಗತಿ ಹೊರಬೀಳುತ್ತದೆ. ಎಸೆಯುವ ಚಾಕುವಿನ ಅಕ್ಯುರಸಿ 0. ಅದರ ಮೇಲೆ ಸೇರಬಹುದಾದದ್ದೂ 0. ಹದ್ದಿನ ಕಣ್ಣಿದ್ದರೂ ಚಾಕು ಎಸೆಯುವವನಿಗೆ ಅದರಿಂದ ಏನೂ ಸಿಗಲ್ಲ. ಪಾತ್ರ ಕಟ್ಟುವ ಮೊದಲೇ ಆಟಗಾರರಿಗೆ ಇದನ್ನು ಹೇಳಿಬಿಡಿ, ಆಮೇಲೆ ಮುಖ ಸಪ್ಪೆ ಮಾಡಿಕೊಳ್ಳುವುದು ತಪ್ಪುತ್ತದೆ.

ಸೆಕೆಂಡುಗಳ ಆಟಕ್ಕೆ ಬರೋಣ. ಎರಡನೇ ಸೆಕೆಂಡ್ ಮುಗಿಯುವಾಗ ಗುಡ್ಡದ ಕಡೆ ತಿರುಗಿದ್ದ ಜೊತೆಗಾರ ರಿವಾಲ್ವರ್‌ನಿಂದ ಮಾರ್ತಾಳಿಗೆ ಹೊಡೆದ. ನನ್ನ ದಾಳಕ್ಕೆ ಅದೃಷ್ಟ ಇತ್ತು, ಗುಂಡು ತಾಗುವಂತಿತ್ತು. ಅವಳಿಗೆ ಎರಡು ದಾರಿ. ತಪ್ಪಿಸಿಕೊಳ್ಳಬಹುದು, ಆದರೆ ಹಾಗೆ ಮಾಡಿದ ಕ್ಷಣವೇ ಏಮ್ ಪೂರ್ತಿ ಹಾಳು. ಇಲ್ಲವೇ ಗುಂಡು ತಿನ್ನಬಹುದು. ಗಾಯವಾದರೆ ವಿಲ್, ಅಂದರೆ ಮನೋಬಲದ ಪರೀಕ್ಷೆ, ಸೋತರೆ ಏಮ್ ಹೋಯಿತು. ಅವಳು ಅಲುಗಾಡಲಿಲ್ಲ. ಗುಂಡು ತೋಳು ಸವರಿ 3 ಪಾಯಿಂಟ್ ಗಾಯ ಮಾಡಿತು. ವಿಲ್ 12, ದಾಳದಲ್ಲಿ 10. ಏಮ್ ಉಳಿಯಿತು.

ಗಾಯವಾದರೆ ಮುಂದಿನ ಟರ್ನ್‌ನಲ್ಲಿ ಶಾಕ್ ಅಂತ ಒಂದು ಮೈನಸ್ ಇರುತ್ತದೆ, ಇಲ್ಲಿ 3. ಬಂದೂಕಿನ ಸ್ಕಿಲ್‌ಗೂ ಅದು ತಗಲುತ್ತದೆ. ಆದರೆ ಆ ಮುಂದಿನ ಟರ್ನ್ ಅಂದರೆ ಮೂರನೇ ಸೆಕೆಂಡ್, ಅದರಲ್ಲಿ ಮಾರ್ತಾ ಬರೀ ಏಮ್ ಮಾಡುತ್ತಾಳೆ, ದಾಳವೇ ಹಾಕುವುದಿಲ್ಲ. ಮೈನಸ್ 3 ಯಾರಿಗೂ ತಾಗದೆ ಕಳೆದುಹೋಯಿತು. ಅದೇ ಗುಂಡು ಒಂದು ಸೆಕೆಂಡ್ ತಡವಾಗಿ ಬಂದಿದ್ದರೆ ಅವಳ 13 ಹೋಗಿ 10 ಆಗುತ್ತಿತ್ತು. ಎರಡೇ ಸೆಕೆಂಡ್ ಏಮ್ ಸಾಕು ಅಂತ ಗಾಯವಾದ ಕೂಡಲೇ ಹೊಡೆದಿದ್ದರೆ 11ರ ಜಾಗದಲ್ಲಿ 8, ಬಂಡೆ ಸೇರಿದರೂ 9. ನೋವಿನ ಟರ್ನ್‌ನಲ್ಲಿ ಉಸಿರು ಹಿಡಿದು ಕಾಯುವುದೇ ಲಾಭ ಅಂತ ಆ ಹೊತ್ತಿನಲ್ಲಿ ಅವಳಿಗೆ ಹೊಳೆದದ್ದು ನನಗೆ ಖುಷಿಯಾಯಿತು. ನಾನೇ ಹೇಳಿಕೊಡುವಂತಿರಲಿಲ್ಲ.

ನಾಲ್ಕನೇ ಸೆಕೆಂಡ್. ಬೇಕಿದ್ದರೆ ಆಲ್ ಔಟ್ ಅಟ್ಯಾಕ್ ಅಂತ ಇನ್ನೊಂದು +1 ತೆಗೆದುಕೊಳ್ಳಬಹುದಿತ್ತು, ಅದು ಆ 5ರ ಮಿತಿಗೆ ಸೇರುವುದಿಲ್ಲ. ಆದರೆ ಆಮೇಲೆ ತಪ್ಪಿಸಿಕೊಳ್ಳುವ ಹಕ್ಕು ಹೋಗುತ್ತದೆ. ಗುಡ್ಡದ ಮೇಲೆ ರಿವಾಲ್ವರ್ ಇನ್ನೂ ಇದೆ. ಬೇಡ ಅಂದಳು. 13ಕ್ಕೆ 12 ಬಿತ್ತು. ಬೆನ್ನ ಹಿಂದಿನಿಂದ ಬಂದ ಗುಂಡಿಗೆ ಕುದುರೆಗಾಗಲಿ ಸವಾರನಿಗಾಗಲಿ ರಕ್ಷಣೆಯ ದಾಳವಿಲ್ಲ. ಏಳು ದಾಳದ ಪೆಟ್ಟು, ಕುದುರೆ ಮುಗ್ಗರಿಸಿತು, ಸವಾರ ಮರಳಿನಲ್ಲಿ ಉರುಳಿದ. ದಾಖಲೆ ಸಿಕ್ಕಿತು. ಸವಾರನ ಕಾಲು ಮುರಿದಿತ್ತು, ಬಾಯಿ ನೆಟ್ಟಗಿತ್ತು.

ಆಟ ಮುಗಿದ ಮೇಲೆ ಎನ್‌ಸಿಸಿಯವನು ತನ್ನ ಷರತ್ತು ನೆನಪಿಸಿದ. ಸರಿ, ಅಡ್ಡ ಓಡಿದರೆ? ಲೆಕ್ಕ ಹಾಕಿದೆವು. ಕುದುರೆ 120 ಗಜದಲ್ಲೇ ಎಡದಿಂದ ಬಲಕ್ಕೆ ಓಡುತ್ತಿದೆ ಅಂದುಕೊಳ್ಳಿ. ದೂರ ಬೆಳೆಯುವುದಿಲ್ಲ, ಮೊತ್ತ 136ರಲ್ಲೇ ನಿಲ್ಲುತ್ತದೆ, ಮೈನಸ್ 11. ಮೂರು ಸೆಕೆಂಡ್ ಏಮ್‌ಗೆ ಮಾರ್ತಾಳಿಗೆ 14, ಶೇ. 90.7. ಪುಸ್ತಕದ ಪ್ರಕಾರ ಅಡ್ಡ ಓಡುವ ಕುದುರೆ ನೇರ ಓಡುವುದಕ್ಕಿಂತ ಸುಲಭ! ಸಾಲದ್ದಕ್ಕೆ ಎಂಟು ಪಟ್ಟು ದೊಡ್ಡದು ಮಾಡಿ ತೋರಿಸುವ ಕಣ್ಣು ಅದಕ್ಕೆ ಪೂರ್ತಿ +3 ಕೊಡುತ್ತದೆ. ಬೈನಾಕ್ಯುಲರ್ ಹಿಡಿದು ಹಾರುವ ಹಕ್ಕಿಯನ್ನು ಹುಡುಕಿದ ಯಾರಿಗಾದರೂ ಗೊತ್ತು, ಹಿಗ್ಗಿಸಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ, ಗುರಿ ಚೌಕಟ್ಟಿನಿಂದ ಜಾರಿಹೋಗುತ್ತದೆ.

ಬೇರೆ ಆಟಗಳು ಇದನ್ನು ಹೇಗೆ ಮಾಡುತ್ತವೆ ಅಂತ ನೋಡಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಆವೃತ್ತಿಯಲ್ಲಿ ಗುರಿ ಓಡುತ್ತಿದೆಯೋ ಮಲಗಿದೆಯೋ ಅನ್ನುವುದರಲ್ಲಿ ಓಟಕ್ಕೆ ಬೆಲೆಯೇ ಇಲ್ಲ, ಮಲಗಿದರೆ ಮಾತ್ರ ಲೆಕ್ಕ. ಸ್ಪೈಗ್ಲಾಸ್ ಅನ್ನುವ ದುರ್ಬೀನು ವಸ್ತುವನ್ನು ಎರಡು ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಬಾಣಕ್ಕೆ ಏನೂ ಕೊಡುವುದಿಲ್ಲ. ಕಾಲ್ ಆಫ್ ಕ್ಥುಲು ಏಳನೇ ಆವೃತ್ತಿ ಪರವಾಗಿಲ್ಲ. ಜೋರಾಗಿ ಓಡುವ ಗುರಿಗೆ ಒಂದು ಪೆನಾಲ್ಟಿ ದಾಳ, ಒಂದು ಸುತ್ತು ಗುರಿ ಹಿಡಿದರೆ ಒಂದು ಬೋನಸ್ ದಾಳ, ಒಂದಕ್ಕೊಂದು ವಜಾ. ಬೇಗ ಮುಗಿಯುತ್ತದೆ. ಆದರೆ ಮೇಲಿನ ಶಾಕ್ ಸೆಕೆಂಡಿನಂಥ ಸನ್ನಿವೇಶ ಅಲ್ಲಿ ಹುಟ್ಟುವುದಿಲ್ಲ. ನನಗೆ ಗರ್ಪ್ಸ್ ಬಿಡಲು ಮನಸ್ಸಿಲ್ಲದಿರುವುದು ಅದಕ್ಕೇ.

ಹಾಗಾಗಿ ಪಟ್ಟಿಯನ್ನು ಮುಟ್ಟದೆ, ಹಿಗ್ಗಿಸುವ ಕಣ್ಣು, ಸ್ಕೋಪ್ ಇವೆರಡಕ್ಕೆ ಮಾತ್ರ ಒಂದು ಹೌಸ್ ರೂಲ್, ಅಂದರೆ ನಮ್ಮ ಟೇಬಲ್ಲಿಗಷ್ಟೇ ಸಲ್ಲುವ ನಿಯಮ, ಬರೆದೆ. ಗುರಿ ಅಡ್ಡ ಓಡುತ್ತಿದ್ದು, ಅದರ ವೇಗ ದೂರದ ಹತ್ತನೇ ಒಂದು ಭಾಗಕ್ಕೆ ಸಮ ಅಥವಾ ಜಾಸ್ತಿ ಇದ್ದರೆ, ಸ್ಕೋಪ್‌ನ ಅಥವಾ ಕಣ್ಣಿನ ಲಾಭ ಸಿಗುವುದಿಲ್ಲ. ನೇರ ಬರುವ ಅಥವಾ ನೇರ ಹೋಗುವ ಗುರಿಗೆ ಇದು ಇಲ್ಲ. ಹತ್ತನೇ ಒಂದು ಯಾಕೆ? ಆ ವೇಗದಲ್ಲಿ ಗುರಿ ಸೆಕೆಂಡಿಗೆ ಸುಮಾರು 6 ಡಿಗ್ರಿ ಸರಿಯುತ್ತದೆ. ನಾಲ್ಕು ಪಟ್ಟು ಹಿಗ್ಗಿಸುವ ಸಾಮಾನ್ಯ ಸ್ಕೋಪ್‌ನಲ್ಲಿ ಕಾಣುವ ಜಾಗದ ಅಗಲವೂ ಹೆಚ್ಚುಕಡಿಮೆ ಅಷ್ಟೇ. ಟೇಬಲ್‌ನಲ್ಲಿ ಕ್ಯಾಲ್ಕುಲೇಟರ್ ಬೇಡ, ಸೊನ್ನೆ ತೆಗೆದರೆ ಸಾಕು. 120 ಗಜಕ್ಕೆ 12, ಕುದುರೆ 16, ಲಾಭ ಹೋಯಿತು. 200 ಗಜಕ್ಕೆ 20, ಕುದುರೆ 16, ಲಾಭ ಪೂರ್ತಿ.

ಈಗ ಕೂಗು ಮಾರ್ತಾಳ ಕಡೆಯಿಂದ ಬಂತು. "15 ಪಾಯಿಂಟ್ ಕೊಟ್ಟಿದ್ದೀನಿ ಕಣೋ, ಸ್ಕೋಪ್ ಆದ್ರೆ ದುಡ್ಡು ಕೊಟ್ರೆ ಸಿಗತ್ತೆ. ನಂಗೂ ಅದಕ್ಕೂ ಒಂದೇ ಶಿಕ್ಷೆನಾ?" ಅವಳ ಮಾತಿನಲ್ಲೂ ಹುರುಳಿತ್ತು. ಗಾಜಿನ ಸ್ಕೋಪ್ ಇಷ್ಟೇ ಪಟ್ಟು ಅಂತ ಕೂತಿರುತ್ತದೆ. ಕಣ್ಣು ಹಾಗಲ್ಲ, ಬೇಕಾದಷ್ಟೇ ಹಿಗ್ಗಿಸಿಕೊಳ್ಳಬಹುದು. ಅದಕ್ಕೆ ಒಂದು ತಿದ್ದುಪಡಿ: ಟೆಲಿಸ್ಕೋಪಿಕ್ ವಿಷನ್ ಇರುವವರು, ಪಟ್ಟು ಬದಲಿಸಬಹುದಾದ ಸ್ಕೋಪ್ ಇರುವವರು ಅಡ್ಡ ಗುರಿಗೆ +1 ಇಟ್ಟುಕೊಳ್ಳಬಹುದು. ಹಾಗೆ ಮಾಡಿದರೆ 120 ಗಜದ ಅಡ್ಡ ಕುದುರೆಗೆ ಮಾರ್ತಾಳಿಗೆ 12. ಈಗ 5ರ ಮಿತಿಯಲ್ಲಿ ಜಾಗ ಉಳಿದಿರುವುದರಿಂದ ಬಂಡೆಗೂ ಬೆಲೆ ಬಂತು, ಊರಿಕೊಂಡರೆ 13. ಸ್ಥಿರ ಸ್ಕೋಪ್ ಇರುವವನಿಗೆ ಬಂಡೆ ಇಲ್ಲದೆ 11.

ಇಬ್ಬರೂ ಒಪ್ಪಿದರು. ಎನ್‌ಸಿಸಿಯವನು ಮಾತ್ರ ಓರೆಯಾಗಿ ಓಡುವ ಕುದುರೆಯ ಬಗ್ಗೆ ಕೇಳಿದ. ಓರೆ ಓಟವನ್ನು ಅರ್ಧ ವೇಗದ ಅಡ್ಡ ಓಟ ಅಂತ ಹಿಡಿಯುತ್ತೇವೆ, ಅದಕ್ಕಿಂತ ಸಣ್ಣ ಲೆಕ್ಕಕ್ಕೆ ನಾನು ಇಳಿಯುವುದಿಲ್ಲ ಅಂತ ಹೇಳಿ ಪುಸ್ತಕ ಮುಚ್ಚಿದೆ.